ಅಡವಿಗೆ ಬಿದ್ದ ಹೆಸರು
(ಬಸವಕಲ್ಯಾಣ ಸೀಮೆಯ ಗೋರ್ಟಾ (ಬಿ) ಗ್ರಾಮದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ಗೋರ್ಟಾ ಅಂದ ಕೂಡಲೇ ಹೊರಗಿನವರಿಗೆ ನೆನಪಾಗುವುದು 1948ರ ಮೇ ತಿಂಗಳು. ನಿಜಾಮನ ಆಳ್ವಿಕೆಯ ಕೊನೆಯ ದಿನಗಳಲ್ಲಿ ರಜಾಕಾರರು ಈ ಊರಿನ ಮೇಲೆ ಬಿದ್ದರು. ಅವರು ನಡೆಸಿದ ಹತ್ಯಾಕಾಂಡದ ನೆನಪಿಗೆ ಇಲ್ಲಿ ಹುತಾತ್ಮರ ಸ್ಮಾರಕ ಎದ್ದು ನಿಂತಿದೆ. ಆ ಕಥೆಯನ್ನು ನಾನು ನಿಮಗೆ ಹೇಳಹೊರಡುವುದು ಸಲ್ಲ, ಅದು ನಿಮ್ಮ ಅಜ್ಜ ಅಜ್ಜಿಯರ ಬಾಯಿಂದ ನಿಮಗೇ ಬಂದದ್ದು. ಅದರಲ್ಲಿ ಒಂದು ಎಳೆಯನ್ನಷ್ಟೇ ಹಿಡಿದುಕೊಳ್ಳುತ್ತೇನೆ. ಜೀವ ಉಳಿಸಿಕೊಳ್ಳಲು ಓಡಿದವರು ಹುಡುಕಿದ್ದು ಗಟ್ಟಿ ಗೋಡೆ, ಗಟ್ಟಿ ಬಾಗಿಲು. ಮನೆ ಅಂದರೆ ಏನು ಎಂಬುದು ಈ ಊರಿಗೆ ಪುಸ್ತಕದಿಂದ ಗೊತ್ತಾಗಬೇಕಾದ ಸಂಗತಿಯಲ್ಲ.

ನನ್ನ ತಲೆಮಾರಿಗೆ ಆ ಪಾಠ ಇನ್ನೊಂದು ದಾರಿಯಿಂದ ಬಂತು. 1993ರ ಸೆಪ್ಟೆಂಬರ್ 30, ಬೆಳಗಿನ ನಾಲ್ಕಕ್ಕೆ ಇನ್ನೂ ನಾಲ್ಕು ನಿಮಿಷ. ಗಣಪತಿ ಕಳಿಸಿ ಬಂದು ಮಲಗಿದ ಜನ. ಗಡಿಯಾಚೆ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ನೆಲ ನಡುಗಿತು. ಸತ್ತವರು ಹತ್ತು ಸಾವಿರದ ಹತ್ತಿರ. ಹೆಚ್ಚಿನವರನ್ನು ಕೊಂದದ್ದು ಅವರವರ ಮನೆಯ ಗೋಡೆಗಳೇ. ಕಲ್ಲಿಗೆ ಕಲ್ಲು ಇಟ್ಟು ನಡುವೆ ಮಣ್ಣು ಮೆತ್ತಿದ ದಪ್ಪ ಗೋಡೆ, ಮೇಲೆ ಮೊಳದೆತ್ತರದ ಮಣ್ಣಿನ ಮಾಳಿಗೆ. ನಮ್ಮ ಕಡೆಯ ಮನೆಗಳೂ ಅಂಥವೇ ತಾನೇ. ಆಮೇಲೆ ಎಷ್ಟೋ ರಾತ್ರಿ ನಾವು ಅಂಗಳದಲ್ಲಿ ಮಲಗಿದೆವು. ನನ್ನ ತಾಯಿ ಒಳಗೆ ಹೋಗಿ ರೊಟ್ಟಿ ಬಡಿಯುವಾಗಲೂ ಕಣ್ಣು ಮೇಲಿನ ತೊಲೆಯ ಮೇಲೇ ಇರುತ್ತಿತ್ತು. ಸರ್ಕಾರದ ಸಿಮೆಂಟಿನ ಮನೆಗೆ ನಮ್ಮವರು ಇಷ್ಟು ಆಸೆಪಡುವುದರ ಹಿಂದೆ ಆ ಭಯವೂ ಇದೆ.

ಇಂದಿನ ನನ್ನ ವಿಷಯ ಆ ಸರ್ಕಾರದ ಮನೆ. ಅದರ ಸುತ್ತ ನಡೆಯುವ ಮೋಸ, ಸಾಲ ಮತ್ತು ಅಡವು. ಮೂವತ್ತೊಂದು ವರ್ಷ ಗ್ರಾಮೀಣ ಬ್ಯಾಂಕೊಂದರಲ್ಲಿ ದುಡಿದು 2021ರಲ್ಲಿ ನಿವೃತ್ತನಾದವನು ನಾನು. ಅಡವು ಎಂಬ ಮಾತಿನೊಂದಿಗೆ ಬಾಳ್ವೆ ಮಾಡಿದವನು. ಆ ಹಕ್ಕಿನಿಂದ ಮಾತಾಡುತ್ತಿದ್ದೇನೆ.

ಕಳೆದ ವರ್ಷ ಈ ಸೀಮೆಯ ಒಂದು ಹಳ್ಳಿಗೆ ಹೋಗಿದ್ದೆ. ಹೆಸರು ಬೇಡ. ಊರ ಹೊರಗಿನ ಬಡಾವಣೆಯಲ್ಲಿ ಲಿಂಟಲ್ ಮಟ್ಟಕ್ಕೆ ನಿಂತುಹೋದ ಒಂದು ಮನೆ. ಕಿಟಕಿ ಇರಬೇಕಾದಲ್ಲಿ ಗೋಣಿಚೀಲ. ಮೂಲೆಯ ಕಂಬಗಳಿಂದ ಕಬ್ಬಿಣದ ಸರಳು ಮೊಳದುದ್ದ ಮೇಲೆದ್ದು ನಿಂತಿವೆ, ತುಕ್ಕು ಹಿಡಿಯದಿರಲೆಂದು ಒಂದೊಂದು ಸರಳಿಗೂ ಹಳೇ ಪ್ಲಾಸ್ಟಿಕ್ ಬಾಟಲಿ ಬೋರಲು ಹಾಕಿ ಸುತ್ತ ಹಗ್ಗ ಬಿಗಿದಿದ್ದಾರೆ. ಒಳಗೆ ತೊಗರಿ ಕಟ್ಟಿಗೆ, ಸೋಯಾ ಹೊಟ್ಟಿನ ಚೀಲ, ಒಂದು ಆಡು. ಸಂಸಾರ ಇರುವುದು ಪಕ್ಕದ ತಗಡಿನ ಶೆಡ್ಡಿನಲ್ಲಿ. ಮನೆಯ ಯಜಮಾನಿ, ಐವತ್ತರ ಹೆಣ್ಣುಮಗಳು, ಒಳಗಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದು ನನ್ನ ಮುಂದೆ ಬಿಚ್ಚಿದಳು. ಪಾಸ್‌ಬುಕ್, ಆಧಾರ್, ಪಡಿತರ ಚೀಟಿ, ಕಾಮಗಾರಿ ಆದೇಶದ ಮಾಸಿದ ಝೆರಾಕ್ಸ್. ಹಕ್ಕುಪತ್ರ ಎಲ್ಲಿ ಅಂದೆ. ಆಕೆ ಮಾತಾಡಲಿಲ್ಲ. ಆಕೆಯ ಮಗ ಹೇಳಿದ: "ಅದು ಸಾಹುಕಾರ್ರ ಬಲ್ಲಿ ಅದರಿ. ಬಿಲ್ ಬಿದ್ದ ಮ್ಯಾಲ ಕೊಡ್ತಾರಂತ."

ಈ ಒಂದು ಮಾತಿನಲ್ಲಿ ನಮ್ಮ ವಸತಿ ಯೋಜನೆಗಳ ಕಥೆಯ ಮುಕ್ಕಾಲು ಭಾಗ ಇದೆ.

ಆಕೆಯ ಲೆಕ್ಕ ಹೀಗಿತ್ತು. ತಳಪಾಯಕ್ಕೆ ಕೂಡಿಟ್ಟ ದುಡ್ಡು ಹಾಕಿದಳು. ಮೊದಲ ಕಂತು ಬಂತು. ಗೋಡೆ ಎಬ್ಬಿಸಲು 60,000 ರೂಪಾಯಿ ಕೈಸಾಲ ತಂದಳು, ನೂರಕ್ಕೆ ಮೂರರಂತೆ. ಲಿಂಟಲ್ ಆಯಿತು, ಪಂಚಾಯಿತಿಯವರು ಬಂದು ಫೋಟೋ ತೆಗೆದರು. ನಮ್ಮ ಜನ ಅದಕ್ಕೆ 'ಜಿಪಿಎಸ್ ಮಾಡೋದು' ಅನ್ನುತ್ತಾರೆ. ಆಮೇಲೆ ಕಂತು ಬರಲಿಲ್ಲ. ಕೇಳಿದರೆ 'ಬ್ಲಾಕ್ ಆಗ್ಯದ' ಅಂದರು. ಯಾಕೆ ಬ್ಲಾಕ್ ಆಯಿತು, ಯಾರು ಮಾಡಿದರು, ಯಾವಾಗ ತೆಗೆಯುತ್ತಾರೆ, ಯಾರೂ ಹೇಳಲಿಲ್ಲ. ಹದಿನಾಲ್ಕು ತಿಂಗಳು. ತಿಂಗಳಿಗೆ 1,800ರಂತೆ ಬಡ್ಡಿಯೇ 25,200 ರೂಪಾಯಿ. ಸರ್ಕಾರ ಧರ್ಮಕ್ಕೆ ಕೊಟ್ಟ ಮನೆ ಆಕೆಯ ಪಾಲಿಗೆ ವರ್ಷಕ್ಕೆ ಶೇಕಡಾ 36ರ ಸಾಲವಾಗಿತ್ತು.

ಬ್ಯಾಂಕಿನವನಾಗಿ ಒಂದು ಮಾತು ಹೇಳಲೇಬೇಕು. ಹಳ್ಳಿಯ ಸಾಹುಕಾರ ಹಕ್ಕುಪತ್ರ ತೆಗೆದು ಪೆಟ್ಟಿಗೆಯಲ್ಲಿಟ್ಟುಕೊಂಡರೆ ಅದು ಕಾನೂನಿನ ಅಡವಾಗುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಪ್ರಕಾರ ಬರೀ ಪತ್ರ ಒಪ್ಪಿಸಿ ಅಡವು ಮಾಡುವುದು ಅಧಿಸೂಚಿತ ಪಟ್ಟಣಗಳಲ್ಲಿ ಮಾತ್ರ ನಡೆಯುತ್ತದೆ. ಆ ಕಾಗದ ಹಿಡಿದು ಯಾರೂ ಕೋರ್ಟಿನಲ್ಲಿ ಮನೆ ಕೇಳಲಾರರು. ಆದರೆ ಅದು ಆ ತಾಯಿಗೆ ಗೊತ್ತಿಲ್ಲ. ಗೊತ್ತಿದ್ದರೂ ಏನು ಮಾಡಿಯಾಳು, ಮುಂದಿನ ಬಿತ್ತನೆಗೆ ಬೀಜದ ದುಡ್ಡು ಬೇಕಾದರೆ ಅದೇ ಕಟ್ಟೆಗೇ ಹೋಗಬೇಕು. ಇಂಥ ಅಡವನ್ನು ಕಾನೂನು ಎತ್ತಿ ನಿಲ್ಲಿಸಿಲ್ಲ, ಹೆದರಿಕೆ ನಿಲ್ಲಿಸಿದೆ.

ಈಗ ಸರ್ಕಾರದ ಲೆಕ್ಕ ನೋಡೋಣ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ 2016ರಲ್ಲಿ ಶುರುವಾದಾಗ ಬಯಲುಸೀಮೆಯ ಮನೆಗೆ 1,20,000 ರೂಪಾಯಿ ಎಂದು ಗೊತ್ತು ಮಾಡಿದರು. 2024ರ ಆಗಸ್ಟ್‌ನಲ್ಲಿ ಇನ್ನೂ ಎರಡು ಕೋಟಿ ಮನೆಗಳನ್ನು ಸೇರಿಸಿ ಯೋಜನೆಯನ್ನು 2029ರ ಮಾರ್ಚ್ ತನಕ ಮುಂದುವರಿಸಿದರು. ಮೊತ್ತ ಮಾತ್ರ ಅದೇ 1,20,000. ಮನೆಯ ಅಳತೆ ಕನಿಷ್ಠ 25 ಚದರ ಮೀಟರ್, ಅಂದರೆ 269 ಚದರ ಅಡಿ. ಅಡಿಗೆ 446 ರೂಪಾಯಿ ಬಿತ್ತು. ಉದ್ಯೋಗ ಖಾತ್ರಿಯ 90 ದಿನದ ಕೂಲಿಯನ್ನು 2025-26ರ ದರದಲ್ಲಿ, ದಿನಕ್ಕೆ 370ರಂತೆ, ಸೇರಿಸಿ. ಶೌಚಾಲಯದ 12,000 ಸೇರಿಸಿ. ಎಲ್ಲಾ ಕೂಡಿ 1,65,300. ಅಡಿಗೆ 614 ರೂಪಾಯಿ. ಇಲ್ಲಿ ಕೂತಿರುವ ಗೌಂಡಿಗಳು ಹೇಳಲಿ, ಹುಮನಾಬಾದಿನಿಂದ ಸಿಮೆಂಟು ಸರಳು ತರಿಸಿ, ಮರಳಿಗೆ ದುಡ್ಡು ಕೊಟ್ಟು, ಈ ರೇಟಿನಲ್ಲಿ ಯಾರಾದರೂ ಛತ್ತು ಹಾಕಿಕೊಡುತ್ತಾರಾ?

ಯಾರೂ ಕೈ ಎತ್ತಲಿಲ್ಲ.

ಕೊರತೆ ಬಿದ್ದ ಜಾಗಕ್ಕೆ ಸಾಲ ಬರುತ್ತದೆ. ಸಾಲದ ಬೆನ್ನಿಗೆ ದಲ್ಲಾಳಿ ಬರುತ್ತಾನೆ. ನನ್ನ ಅನುಭವದಲ್ಲಿ ವಸತಿ ಯೋಜನೆಯ ಮೋಸ ಹುಟ್ಟುವುದು ಕೊಟ್ಟ ಹಣಕ್ಕೂ ಬೇಕಾದ ಹಣಕ್ಕೂ ನಡುವಿನ ಈ ಸಂದಿಯಲ್ಲಿ, ಮತ್ತು ಮಂಜೂರಾದ ದಿನಕ್ಕೂ ದುಡ್ಡು ಬಂದ ದಿನಕ್ಕೂ ನಡುವಿನ ಸಂದಿಯಲ್ಲಿ. ದುರಾಸೆಯ ಜನ ಎಲ್ಲ ಕಾಲದಲ್ಲೂ ಇರುತ್ತಾರೆ. ಅವರಿಗೆ ಒಳಬರಲು ಬಾಗಿಲು ಬೇಕು, ಆ ಬಾಗಿಲನ್ನು ನಾವು ತೆರೆದಿಟ್ಟಿದ್ದೇವೆ.

ಬೇಸರದ ವಿಷಯವೆಂದರೆ ನಿಯಮ ಬರೆದವರಿಗೆ ಇದು ಗೊತ್ತಿತ್ತು. ಆವಾಸ್ ಗ್ರಾಮೀಣದ ಮಾರ್ಗಸೂಚಿಯಲ್ಲೇ ಮಂಜೂರಾತಿ ಆದೇಶವಾದ ಏಳು ಕೆಲಸದ ದಿನದೊಳಗೆ ಮೊದಲ ಕಂತು ಖಾತೆಗೆ ಹಾಕಬೇಕು ಎಂದಿದೆ. ಬೇಕಾದವರಿಗೆ 70,000 ರೂಪಾಯಿ ತನಕ ಬ್ಯಾಂಕ್ ಸಾಲ ಕೊಡಿಸಲು ನೆರವಾಗಬೇಕು ಎಂದೂ ಇದೆ. ಆ 70,000 ಸಿಕ್ಕಿದ್ದರೆ ಆ ತಾಯಿ ಸಾಹುಕಾರನ ಕಟ್ಟೆ ಹತ್ತಬೇಕಾಗಿರಲಿಲ್ಲ. ನಾನು ನಿವೃತ್ತನಾಗುವ ತನಕ ಅಂಥ ಒಂದೇ ಒಂದು ಅರ್ಜಿ ನನ್ನ ಮೇಜಿಗೆ ಬರಲಿಲ್ಲ. ಬರಲಿಲ್ಲವೇಕೆ ಎಂದು ನಾನೂ ಹೋಗಿ ಕೇಳಲಿಲ್ಲ.

ನನ್ನ ತಪ್ಪು ಅಲ್ಲಿಗೆ ನಿಲ್ಲುವುದಿಲ್ಲ. ಪ್ರಧಾನಮಂತ್ರಿ ಆವಾಸ್‌ಗೂ ಮೊದಲಿನ ಇಂದಿರಾ ಆವಾಸ್ ಕಾಲದ ಮಾತು, ಆಧಾರ್ ಬರುವ ಮುಂಚೆ. ಒಂದು ಸೋಮವಾರ ಸಂತೆಯ ದಿನ, ಶಾಖೆಯ ತುಂಬ ಜನ. ಒಬ್ಬ ಗುತ್ತಿಗೆದಾರ ರಬ್ಬರ್ ಬ್ಯಾಂಡ್ ಹಾಕಿದ ಎಂಟು ಪಾಸ್‌ಬುಕ್ ತಂದು ಕೌಂಟರಿನ ಮೇಲಿಟ್ಟ. ಎಂಟೂ ಹೆಣ್ಣುಮಕ್ಕಳವು. ಹಣ ತೆಗೆಯುವ ಚೀಟಿಗಳ ಮೇಲೆ ಆಗಲೇ ಹೆಬ್ಬೆಟ್ಟು ಬಿದ್ದಿತ್ತು, ಒಂದೇ ಶಾಯಿ, ಒಂದೇ ಅಂಚಿನಲ್ಲಿ ಸಾಲಾಗಿ. ಆ ಎಂಟು ಮಂದಿ ಹೊರಗೆ ಬೇವಿನ ಗಿಡದ ಕೆಳಗೆ ಕೂತಿದ್ದರು. ಅವರನ್ನು ಒಳಗೆ ಕರೆದು ಒಬ್ಬೊಬ್ಬರ ಕೈಗೆ ಹಣ ಎಣಿಸಿ ಕೊಡುವುದು ನನ್ನ ಕರ್ತವ್ಯ. ಗದ್ದಲದ ನೆಪ ಹೇಳಿಕೊಂಡು ಚೀಟಿಗಳಿಗೆ ಸಹಿ ಹಾಕಿದೆ. ಹಣ ಅವನ ಕೈಗೆ ಹೋಯಿತು. ಎರಡು ವರ್ಷದ ಮೇಲೆ ಅದೇ ಊರಿಗೆ ಸಾಲ ವಸೂಲಿಗೆ ಹೋದಾಗ ನೋಡಿದೆ: ಎಂಟರಲ್ಲಿ ಮೂರು ಮನೆಗೆ ಛಾವಣಿ ಇರಲಿಲ್ಲ. ಗೋಡೆ ಮುಟ್ಟಿದರೆ ಬೂದಿ ಉದುರುತ್ತಿತ್ತು. ಒಬ್ಬಾಕೆ ನನ್ನ ಗುರುತು ಹಿಡಿದು, ಚಹಾ ಕುಡಿದು ಹೋಗಿ ಅಂದಳು. ಆ ಚಹಾ ಇನ್ನೂ ಗಂಟಲಲ್ಲಿದೆ.

ಆಮೇಲೆ ವ್ಯವಸ್ಥೆ ಬಹಳ ಬದಲಾಯಿತು. 2000ದಲ್ಲಿ ಹುಟ್ಟಿದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ರಾಜ್ಯದ ಆಶ್ರಯ, ಬಸವ ವಸತಿ, ಅಂಬೇಡ್ಕರ್ ನಿವಾಸ, ದೇವರಾಜ ಅರಸು ವಸತಿಗಳನ್ನೆಲ್ಲ ಒಂದೇ ಕಂಪ್ಯೂಟರಿಗೆ ತಂದಿತು. ತಳಪಾಯ, ಲಿಂಟಲ್, ಛಾವಣಿ, ಪೂರ್ಣ, ಹೀಗೆ ಹಂತ ಹಂತಕ್ಕೂ ಸ್ಥಳದ ಅಕ್ಷಾಂಶ ರೇಖಾಂಶ ಇರುವ ಫೋಟೋ. ಹಣ ನೇರ ಖಾತೆಗೆ. ಇದು ದೊಡ್ಡ ಕೆಲಸ, ಯಾರೂ ಹಗುರ ಮಾಡಬಾರದು. ಮನೆಯೇ ಇಲ್ಲದೆ ಬಿಲ್ ಎತ್ತುವುದು ಈಗ ಕಷ್ಟ. ಆದರೆ ಮೋಸ ಮನೆ ಬಿಟ್ಟು ಬೇರೆ ಕಡೆ ಸರಿಯಿತು. ಫೋಟೋ ಗೋಡೆಯನ್ನು ತೋರಿಸುತ್ತದೆ. ಆ ಗೋಡೆಯೊಳಗೆ ಮಲಗುವವರು ಯಾರು, ಅವರಿಗೆ ಮನೆ ಕೊಟ್ಟವರು ಯಾರು, ಎಷ್ಟು ಇಸಿದುಕೊಂಡು ಕೊಟ್ಟರು, ಇದನ್ನು ಯಾವ ಉಪಗ್ರಹ ತೋರಿಸೀತು? ಮೋಸ ಈಗ ಫಲಾನುಭವಿಗಳ ಪಟ್ಟಿಯಲ್ಲಿ ನಡೆಯುತ್ತದೆ.

ದೂರ ಹೋಗಬೇಡಿ. 2025ರ ಜೂನ್‌ನಲ್ಲಿ ಪಕ್ಕದ ಆಳಂದದ ಶಾಸಕ ಬಿ.ಆರ್. ಪಾಟೀಲರು ವಸತಿ ಸಚಿವರ ಆಪ್ತ ಕಾರ್ಯದರ್ಶಿಯ ಜೊತೆ ಫೋನಿನಲ್ಲಿ ಆಡಿದ ಮಾತು ನಾಡಿನ ತುಂಬ ಕೇಳಿಸಿತು. ತಮ್ಮ ಕ್ಷೇತ್ರದ ಪಂಚಾಯಿತಿಗಳಿಗೆ ಮಂಜೂರಾದ 950 ಮನೆಗಳು ಹಣ ಕೊಟ್ಟವರ ಪಾಲಾಗಿವೆ, ಶಾಸಕನ ಪತ್ರಕ್ಕೆ ಸಿಗದ ಮನೆ ಪಂಚಾಯಿತಿ ಅಧ್ಯಕ್ಷರ ಪತ್ರಕ್ಕೆ ಸಿಕ್ಕಿದೆ ಎಂಬುದು ಅವರ ಆರೋಪ. ಅವರು ಆಡಳಿತ ಪಕ್ಷದವರೇ. ಸಚಿವ ಜಮೀರ್ ಅಹ್ಮದ್ ಖಾನ್ ಆರೋಪವನ್ನು ತಳ್ಳಿಹಾಕಿದರು. ಯಾರು ಸರಿ ಎಂದು ತೀರ್ಪು ಕೊಡುವ ಜಾಗ ಇದಲ್ಲ. ಆ ಸಂಭಾಷಣೆಯನ್ನು ಮೊಬೈಲಿನಲ್ಲಿ ಕೇಳುತ್ತಿದ್ದ ಹಳ್ಳಿಯ ಜನರ ಮುಖ ನಾನು ನೋಡಿದ್ದೇನೆ. ಯಾರೊಬ್ಬರೂ ಬೆಚ್ಚಿಬೀಳಲಿಲ್ಲ. ಅದು ನನಗೆ ಆರೋಪಕ್ಕಿಂತ ದೊಡ್ಡ ಸಂಕಟ. ನಮ್ಮ ಜಿಲ್ಲೆಯ ಭಾಲ್ಕಿಯಲ್ಲೂ ಮನೆ ಹಂಚಿಕೆಯ ಮೇಲೆ ವರ್ಷಗಟ್ಟಲೆ ಆರೋಪ, ಪ್ರತ್ಯಾರೋಪ ನಡೆದವು. ಅಂಥ ಜಗಳದಲ್ಲಿ ನಾಯಕರು ನಾಯಕರಾಗಿಯೇ ಉಳಿಯುತ್ತಾರೆ. ಕಂತಿಗೆ ಕಾಯುವವರ ಮನೆಗಳ ಮೇಲೆ ಬಾಟಲಿ ತೊಟ್ಟ ಸರಳುಗಳು ಹಾಗೇ ನಿಲ್ಲುತ್ತವೆ.

ಪಟ್ಟಿಯ ಮೋಸ ಎಷ್ಟು ದೊಡ್ಡದಾಗಬಲ್ಲದು ಎನ್ನುವುದಕ್ಕೆ ಮುಂಬಯಿಯ ಒಂದು ಪ್ರಕರಣ ಹೇಳುತ್ತೇನೆ. ನಮ್ಮ ಸೀಮೆಯ ಎಷ್ಟೋ ಜನ ದುಡಿಯಲು ಹೋಗುವ ಊರು ಅದು. ಅಲ್ಲಿ ಡಿಎಚ್‌ಎಫ್‌ಎಲ್ ಎಂಬ ಗೃಹಸಾಲದ ಕಂಪನಿ ಇತ್ತು. 1984ರಲ್ಲಿ ಶುರುವಾದದ್ದು, ಕಡಿಮೆ ಆದಾಯದವರಿಗೆ ಮನೆ ಸಾಲ ಕೊಡುವುದಕ್ಕೇ ಅದು ಹೆಸರುವಾಸಿ. ಪಟ್ಟಣದ ಬಡವರಿಗಾಗಿ 2015ರಲ್ಲಿ ಬಂದ ಆವಾಸ್ ಯೋಜನೆಯಲ್ಲಿ ಬಡ್ಡಿ ಸಹಾಯಧನ ಎಂಬ ಭಾಗ ಇತ್ತು. ಬಡವನೊಬ್ಬ 6 ಲಕ್ಷದ ತನಕ ಮನೆ ಸಾಲ ತೆಗೆದರೆ ಶೇಕಡಾ 6.5 ಬಡ್ಡಿಯನ್ನು ಸರ್ಕಾರ ಭರಿಸುತ್ತಿತ್ತು. ಅದನ್ನು ವರ್ಷ ವರ್ಷ ಕೊಡುತ್ತಿರಲಿಲ್ಲ, ಗರಿಷ್ಠ 2.67 ಲಕ್ಷದ ಮೊತ್ತವನ್ನು ಒಂದೇ ಸಲ, ಸಾಲ ಕೊಟ್ಟ ಸಂಸ್ಥೆಯ ಮೂಲಕ, ಸಾಲದ ಖಾತೆಗೆ ಹಾಕುತ್ತಿತ್ತು. ಬಡವನ ಕೈಗೆ ಹಣ ತಾಗುತ್ತಲೇ ಇರಲಿಲ್ಲ. ಆದ್ದರಿಂದ ಬಡವನೇ ಇಲ್ಲದಿದ್ದರೂ ಸಂಸ್ಥೆಗೆ ತೊಂದರೆಯಿರಲಿಲ್ಲ, ಅವನ ಹೆಸರೊಂದಿದ್ದರೆ ಸಾಕಿತ್ತು.

2021ರ ಮಾರ್ಚ್‌ನಲ್ಲಿ ಸಿಬಿಐ ದಾಖಲಿಸಿದ ಪ್ರಕರಣ ಹೇಳುವುದು ಇದನ್ನೇ. ಬಾಂದ್ರಾದಲ್ಲಿ ಇಲ್ಲದ ಒಂದು ಶಾಖೆಯನ್ನು ಕಾಗದದ ಮೇಲೆ ಸೃಷ್ಟಿಸಿ, 2.60 ಲಕ್ಷ ನಕಲಿ ಸಾಲದ ಖಾತೆಗಳನ್ನು ತೆರೆದು, 14,046 ಕೋಟಿ ರೂಪಾಯಿ ಸಾಲ ಕೊಟ್ಟಂತೆ ತೋರಿಸಿದರು, ಅದರಲ್ಲಿ ದೊಡ್ಡ ಪಾಲು ಬೇನಾಮಿ ಕಂಪನಿಗಳಿಗೆ ಹರಿಯಿತು ಎಂಬುದು ಕಂಪನಿಯ ಪ್ರವರ್ತಕರಾದ ಕಪಿಲ್ ವಾಧವಾನ್, ಧೀರಜ್ ವಾಧವಾನ್ ಮೇಲಿನ ಆರೋಪ. ಹಿಂದೆ ಸಾಲ ತೀರಿಸಿ ಹೋಗಿದ್ದ ಗ್ರಾಹಕರ ಹೆಸರುಗಳನ್ನೇ ಮತ್ತೆ ಎಳೆದು ತಂದಿದ್ದರು ಎಂದೂ ಹೇಳಲಾಯಿತು. 2018ರ ಡಿಸೆಂಬರ್‌ನಲ್ಲಿ ಈ ಕಂಪನಿ ತನ್ನ ಹೂಡಿಕೆದಾರರಿಗೆ, ಆವಾಸ್ ಯೋಜನೆಯಡಿ 88,651 ಸಾಲಗಳನ್ನು ಕೊಟ್ಟಿದ್ದೇವೆ, ಸಹಾಯಧನವಾಗಿ 539.4 ಕೋಟಿ ಬಂದಿದೆ, ಇನ್ನೂ 1,347.8 ಕೋಟಿ ಬರಬೇಕಿದೆ ಎಂದು ತಿಳಿಸಿತ್ತು.

ಈ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಹದಿನಾಲ್ಕು ತಿಂಗಳು ಕಾದರೂ ಒಂದು ಲಿಂಟಲ್ ಕಂತು ಬಾರದ ಒಬ್ಬಳು ತಾಯಿ. ಆಕೆಯ ಫೋಟೋ ಇದೆ, ಗೋಡೆಯ ಫೋಟೋ ಇದೆ, ಹೆಬ್ಬೆಟ್ಟಿನ ಗುರುತಿದೆ. ಆದರೂ ಆಕೆ ನಿಜವೋ ಸುಳ್ಳೋ ಎಂಬ ಅನುಮಾನ ತೀರಿಲ್ಲ. ಆ ಕಡೆ, ಇಲ್ಲದ ಶಾಖೆಯಲ್ಲಿ ಇಲ್ಲದ ಸಾಲಗಾರರ ಹೆಸರಿನಲ್ಲಿ ವರ್ಷಗಟ್ಟಲೆ ಖಾತೆ ಬರೆದರೂ ಯಾರೂ ಹೋಗಿ ಬಾಗಿಲು ತಟ್ಟಲಿಲ್ಲ. ನಮ್ಮ ಅನುಮಾನಕ್ಕೆ ಮೇಲಿನವರ ಮೆಟ್ಟಿಲು ಹತ್ತಲು ಕಾಲಿಲ್ಲ. ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಹೆಸರಿನ ವಿಷಯ ಬಂತು, ಒಂದು ಸಣ್ಣ ಮಾತು. ನಿಮ್ಮ ಊರ ಹೆಸರಿನ ಬಾಲಕ್ಕೆ (ಬಿ) ಇದೆ. ಈ ಭಾಗದ ಕಂದಾಯ ದಫ್ತರದಲ್ಲಿ ಬಿ ಅಂದರೆ ಬುಜುರ್ಗ್, ಹಿರಿಯ ಊರು. ಕೆ ಅಂದರೆ ಖುರ್ದ್, ಕಿರಿಯ ಊರು. ಆಧಾರಿನಲ್ಲಿ ಆ ಅಕ್ಷರ ಇದ್ದು ಪಹಣಿಯಲ್ಲಿ ಇಲ್ಲದಿದ್ದರೆ, ಪಾಸ್‌ಬುಕ್ಕಿನಲ್ಲಿ ಗಂಡನ ಹೆಸರು ಮುಂದೆ ಬಂದು ಪಡಿತರ ಚೀಟಿಯಲ್ಲಿ ಹಿಂದೆ ಹೋಗಿದ್ದರೆ, ಅರ್ಜಿ ವಾಪಸ್. ಒಂದು ಕಂಸದೊಳಗಿನ ಒಂದು ಅಕ್ಷರಕ್ಕಾಗಿ ಬಸವಕಲ್ಯಾಣಕ್ಕೆ ಏಳು ಸಲ ಬಸ್ ಹತ್ತಿದವರನ್ನು ನಾನು ಬಲ್ಲೆ. ಬಡವರ ಹೆಸರನ್ನು ನಮ್ಮ ವ್ಯವಸ್ಥೆ ಇಷ್ಟು ಜೋಪಾನವಾಗಿ ತಿದ್ದುತ್ತದೆ. ಅದೇ ಹೆಸರು ಇನ್ನೊಬ್ಬನ ಕೈಯಲ್ಲಿ ಅಡವಿಗೆ ಬಿದ್ದಾಗ ಕಣ್ಣು ಮುಚ್ಚುತ್ತದೆ.

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಅಮೆರಿಕದಲ್ಲಿ 1968ರಲ್ಲಿ ಒಂದು ವಸತಿ ಕಾನೂನು ಬಂತು. ಬಡವರು ಮನೆ ಕೊಳ್ಳಲು ಸಾಲ ತೆಗೆದರೆ ಅದಕ್ಕೆ ಸರ್ಕಾರದ ವಿಮೆ, ಬಡ್ಡಿಗೆ ಸರ್ಕಾರದ ನೆರವು. ಡೆಟ್ರಾಯಿಟ್‌ನಂಥ ನಗರಗಳಲ್ಲಿ ದಲ್ಲಾಳಿಗಳು ಬಿದ್ದುಹೋಗುವ ಮನೆಗಳನ್ನು ಮಣ್ಣಿನ ಬೆಲೆಗೆ ಕೊಂಡರು. ಸುಣ್ಣ ಬಳಿದರು. ಬೆಲೆ ಕಟ್ಟುವ ಅಧಿಕಾರಿಗೆ ಲಂಚ ಕೊಟ್ಟು ಎರಡು ಮೂರು ಪಟ್ಟು ಬೆಲೆ ಬರೆಸಿದರು. ಕೊಂಡವರಲ್ಲಿ ಬಹಳ ಮಂದಿ ಕಪ್ಪು ಜನಾಂಗದ ಬಡವರು, ಮಕ್ಕಳೊಂದಿಗೆ ಒಂಟಿಯಾಗಿದ್ದ ಹೆಂಗಸರು. ಕೆಲವೇ ತಿಂಗಳಲ್ಲಿ ಮನೆ ಸೋರಿತು, ಕೊಳಾಯಿ ಒಡೆಯಿತು, ರಿಪೇರಿಗೆ ದುಡ್ಡಿಲ್ಲ, ಕಂತು ತಪ್ಪಿತು. ಸಾಲ ಕೊಟ್ಟ ಸಂಸ್ಥೆಗೆ ನಷ್ಟವಾಗಲಿಲ್ಲ, ವಿಮೆ ಇತ್ತಲ್ಲ. ಮನೆ ಬಿಟ್ಟು ಹೋದವರು ಆ ತಾಯಂದಿರು. ಡೆಟ್ರಾಯಿಟ್‌ನಲ್ಲಿ ಸಾವಿರಾರು ಖಾಲಿ ಮನೆಗಳಿಗೆ ಸರ್ಕಾರವೇ ಮಾಲೀಕನಾಯಿತು. ಕೆಲವು ಅಧಿಕಾರಿಗಳು, ದಲ್ಲಾಳಿಗಳು ಜೈಲಿಗೂ ಹೋದರು. ಆದರೆ ದೊಡ್ಡ ಶಿಕ್ಷೆ ಯಾರಿಗಾಯಿತು? 1973ರ ಜನವರಿಯಲ್ಲಿ ನಿಕ್ಸನ್ ಸರ್ಕಾರ ಬಡವರ ಆ ವಸತಿ ಯೋಜನೆಗಳನ್ನೇ ತಡೆಹಿಡಿಯಿತು. ಬಡವರಿಗೆ ಮನೆ ನಡೆಸಲು ಬರುವುದಿಲ್ಲ ಎಂಬ ಮಾತೂ ಜೊತೆಗೆ ಹಬ್ಬಿತು.

ನಮ್ಮಲ್ಲೂ ಹಾಗೇ ಆಯಿತು. ಪಶ್ಚಿಮ ಬಂಗಾಳದಲ್ಲಿ ಆವಾಸ್ ಪಟ್ಟಿಯಲ್ಲಿ ಅನರ್ಹರು ಸೇರಿದ್ದಾರೆ ಎಂಬ ದೂರು ಬಂತು. 2022ರಲ್ಲಿ 11 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಒಪ್ಪಿಗೆ ಕೊಟ್ಟಿದ್ದ ಕೇಂದ್ರ, ಹಣ ಬಿಡಲಿಲ್ಲ. ಕೇಂದ್ರ ರಾಜ್ಯದ ಮೇಲೆ, ರಾಜ್ಯ ಕೇಂದ್ರದ ಮೇಲೆ ಹೇಳುತ್ತ ಎರಡು ವರ್ಷ ಕಳೆಯಿತು. ಕೊನೆಗೆ 2024ರ ಡಿಸೆಂಬರ್‌ನಲ್ಲಿ ರಾಜ್ಯವೇ ತನ್ನ ಬೊಕ್ಕಸದಿಂದ ಕಂತು ಕೊಡಲು ಶುರು ಮಾಡಿತು. ಆ ಎರಡು ಮಳೆಗಾಲ ಜನ ಎಲ್ಲಿ ಮಲಗಿದರು? ಮಹಡಿ ಮನೆಯಿದ್ದೂ ಪಟ್ಟಿಗೆ ನುಸುಳಿದ್ದವನು ತನ್ನ ಮಹಡಿಯಲ್ಲೇ ಮಲಗಿದ. ನೆನೆದವನು ನಿಜವಾದ ಬಡವ.

ಇದೇ ನಾನು ಈ ಹೊತ್ತು ಹೇಳಬೇಕೆಂದು ಬಂದ ಮಾತು. ಮೋಸ ನಡೆದಾಗ ಬಡವರ ಹೆಸರು ಲೂಟಿಯಾಗುತ್ತದೆ. ಮೋಸ ಹಿಡಿದಾಗ ಬಡವರ ಕಂತು ನಿಲ್ಲುತ್ತದೆ. ಎರಡು ಸಲವೂ ಹೊಡೆತ ಒಂದೇ ಬೆನ್ನಿಗೆ. ತನಿಖೆ ಬೇಡ ಎನ್ನುತ್ತಿಲ್ಲ, ತನಿಖೆ ಬೇಕೇಬೇಕು, ಇನ್ನೂ ಗಟ್ಟಿಯಾಗಿ ಬೇಕು. ಆದರೆ ಗೋಡೆ ಎದ್ದು ನಿಂತ ಮನೆಯ ಕಂತನ್ನು ತನಿಖೆಯ ಹೆಸರಿನಲ್ಲಿ ತಡೆಯಬಾರದು. ಅನರ್ಹರೆಂದು ಅನುಮಾನ ಬಂದರೆ ಇಂತಿಷ್ಟು ದಿನದೊಳಗೆ ಮನೆ ಬಾಗಿಲಿಗೆ ಬಂದು ನೋಡಿ, ಕಾರಣ ಬರೆದು ಕೊಡಬೇಕು. ಕಾರಣ ಬರೆದು ಕೊಡಲಾಗದಿದ್ದರೆ ಬ್ಲಾಕ್ ತೆಗೆಯಬೇಕು. ತಡವಾದ ದಿನಗಳಿಗೆ ಸರ್ಕಾರವೇ ಬಡ್ಡಿ ಕೊಡಬೇಕು. ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಕೂಲಿ ತಡವಾದರೆ ಪರಿಹಾರ ಕೊಡಬೇಕೆಂದು ಬರೆದಿದ್ದರು. ಕೂಲಿಗೆ ಒಪ್ಪಿದ ನ್ಯಾಯ ಗೋಡೆಗೆ ಯಾಕೆ ಒಪ್ಪುವುದಿಲ್ಲ? ಆ ತಾಯಿಯ 25,200 ರೂಪಾಯಿ ಬಡ್ಡಿ ಯಾರ ತಪ್ಪಿಗೆ ಕಟ್ಟಿದ್ದು?

ಸಾಲದ ಕಡೆ ಒಂದು ಹೆಜ್ಜೆ ಆಗಿದೆ. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲಗಳ ವಸೂಲಿಯ ಹಿಂಸೆ ತಡೆಯಲು ಸುಗ್ರೀವಾಜ್ಞೆ ತಂದು, ಆಮೇಲೆ ಕಾಯ್ದೆ ಮಾಡಿತು. ನೋಂದಣಿಯಿಲ್ಲದೆ ಬಡ್ಡಿ ವ್ಯವಹಾರ ಮಾಡಿ, ಮನೆ ಬಾಗಿಲಿಗೆ ಬಂದು ಪೀಡಿಸುವವರಿಗೆ ಹತ್ತು ವರ್ಷದ ತನಕ ಜೈಲು, ಐದು ಲಕ್ಷದ ತನಕ ದಂಡ. 2013ರಲ್ಲೂ ರಾಜ್ಯ ಸರ್ಕಾರ ದುರ್ಬಲ ವರ್ಗದವರ ವಸತಿ ಯೋಜನೆಗಳ ಸಾಲ ಮನ್ನಾ ಮಾಡಿತ್ತು. ಎರಡೂ ಒಳ್ಳೆಯ ಕೆಲಸ. ಆದರೆ ಸಾಲವಾದ ಮೇಲೆ ಬರುವ ಕರುಣೆಗಿಂತ, ಸಾಲವಾಗದಂತೆ ಹೊತ್ತಿಗೆ ಬೀಳುವ ಕಂತು ಹೆಚ್ಚಿನದು. ಬ್ಯಾಂಕಿನವನ ಈ ಮಾತು ನಂಬಿ.

ಪಟ್ಟಿಯ ಮಾತಿಗೆ ಬಂದರೆ ಮದ್ದು ಬೆಂಗಳೂರಿನಲ್ಲಿಲ್ಲ, ಇಲ್ಲೇ ಇದೆ. ಯಾರಿಗೆ ಮನೆ ಎಂದು ಗೊತ್ತು ಮಾಡುವ ಅಧಿಕಾರ ಗ್ರಾಮಸಭೆಯದು. ಆವಾಸ್ ಗ್ರಾಮೀಣದಲ್ಲಿ ವರ್ಷಕ್ಕೊಮ್ಮೆಯಾದರೂ ಪ್ರತಿ ಪಂಚಾಯಿತಿಯಲ್ಲಿ ಸಾಮಾಜಿಕ ಪರಿಶೋಧನೆ ಆಗಬೇಕು. ಗ್ರಾಮಸಭೆ ಎಂದರೆ ನಮ್ಮ ಕಡೆ ಏನಾಗಿದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಡಂಗುರ ಕೇಳಿಸುವುದಿಲ್ಲ. ಹಾಜರಿ ಪುಸ್ತಕ ಮನೆ ಮನೆಗೆ ಬಂದು ಸಹಿ ಹಾಕಿಸಿಕೊಂಡು ಹೋಗುತ್ತದೆ. ಹೆಂಗಸರು ಬಂದರೆ ಹಿಂದೆ ಕೂತು ಮೊದಲೇ ಎದ್ದು ಹೋಗುತ್ತಾರೆ, ಅವರ ಒಲೆ ಕಾಯುತ್ತಿರುತ್ತದೆ. ಎಂಟು ನೂರೈವತ್ತು ವರ್ಷಕ್ಕೂ ಹಿಂದೆ, ಇಲ್ಲಿಗೆ ಹತ್ತಿರದ ಕಲ್ಯಾಣದಲ್ಲಿ, ಮಡಿವಾಳ, ಅಂಬಿಗ, ಸಮಗಾರ, ಕಸಗುಡಿಸುವ ಹೆಣ್ಣುಮಗಳು ಒಂದೇ ಮಂಟಪದಲ್ಲಿ ಕೂತು ಎದುರು ಮಾತಾಡಿದ ನೆಲ ಇದು. ಆ ಅನುಭವ ಮಂಟಪವನ್ನು ಕಲ್ಲಿನಲ್ಲಿ ಹೊಸದಾಗಿ ಕಟ್ಟುತ್ತಿದ್ದೇವೆ, ಸಂತೋಷ. ಪಂಚಾಯಿತಿ ಕಟ್ಟೆಯ ಮೇಲೆ ಫಲಾನುಭವಿಗಳ ಪಟ್ಟಿಯನ್ನು ಗಟ್ಟಿಯಾಗಿ ಓದಿಸಿ, ಒಂದೊಂದು ಹೆಸರಿಗೂ "ಇವರಿಗೆ ಮನೆ ಇಲ್ಲ, ನಾನು ಬಲ್ಲೆ" ಎಂದು ಯಾರಾದರೂ ಎದ್ದು ನಿಂತು ಹೇಳುವ ಹಾಗೆ ಮಾಡುವುದಕ್ಕೆ ಕಲ್ಲೂ ಬೇಕಾಗಿಲ್ಲ.

ಆ ತಾಯಿಯ ಮನೆಯಿಂದ ಹೊರಡುವಾಗ ಆಕೆ ಸರಳಿನ ಮೇಲಿನ ಒಂದು ಬಾಟಲಿ ಗಾಳಿಗೆ ಬಿದ್ದದ್ದನ್ನು ಎತ್ತಿ, ಮಣ್ಣು ಒರೆಸಿ, ಗೋಡೆ ಹತ್ತಿ ಮತ್ತೆ ತೊಡಿಸಿದಳು. ಹಗ್ಗ ಎರಡು ಸುತ್ತು ಬಿಗಿದಳು. ಕೆಳಗಿಳಿದು ಕೇಳಿದಳು: "ಈ ಮಳಿಗಾಲ ತಡೀತದೇನ್ರಿ ಸರಳ?" ತಡೆಯುತ್ತದೆ ಅಂದೆ. ನಾನು ಎಂಜಿನಿಯರ್ ಅಲ್ಲ. ಬೇರೆ ಉತ್ತರ ಕೊಡುವ ಧೈರ್ಯ ಇರಲಿಲ್ಲ.

ಆಕೆಯ ಕಾಮಗಾರಿ ಆದೇಶದ ನಂಬರ್ ಬರೆದುಕೊಂಡು ಬಂದಿದ್ದೇನೆ. ಮಾಹಿತಿ ಹಕ್ಕಿನಡಿ ಮೂರು ಅರ್ಜಿ ಹಾಕಿದ್ದೇನೆ: ಬ್ಲಾಕ್ ಯಾವ ದಿನ ಆಯಿತು, ಯಾರ ಆದೇಶದ ಮೇಲೆ ಆಯಿತು, ಕಾರಣ ಏನೆಂದು ಬರೆದಿದೆ. ಮೊದಲನೆಯದಕ್ಕೆ ಉತ್ತರ ಬಂದಿದೆ. ಉಳಿದವಕ್ಕೆ ಮೇಲ್ಮನವಿ ಹೋಗಿದೆ.

ಸಭೆ ಮುಗಿದ ಮೇಲೆ ನಾನು ಶಾಲೆಯ ಪಡಸಾಲೆಯಲ್ಲಿ ಸಂಜೆಯ ಬಸ್ಸಿನ ತನಕ ಕೂತಿರುತ್ತೇನೆ. ಯಾರ ಕಂತು ನಿಂತಿದೆಯೋ ಅವರು ಪಾಸ್‌ಬುಕ್, ಆಧಾರ್, ಕಾಮಗಾರಿ ಆದೇಶದ ಝೆರಾಕ್ಸ್ ತನ್ನಿ. ಹಕ್ಕುಪತ್ರ ಇನ್ನೊಬ್ಬರ ಬಳಿ ಇದ್ದರೆ ನಾಚಿಕೊಳ್ಳಬೇಡಿ, ಅದನ್ನೂ ಹೇಳಿ. ನನ್ನ ಬಳಿ ಹಾಳೆ ಇದೆ, ಪೆನ್ನು ಇದೆ. ಓದು ಬಲ್ಲ ಹುಡುಗ ಹುಡುಗಿಯರು ನಾಲ್ಕು ಜನ ನನ್ನ ಪಕ್ಕ ಬಂದು ಕೂತರೆ ಇನ್ನೂ ಒಳ್ಳೆಯದು.